ರೂಪಾಯಿಗೆ ಹನ್ನೆರಡಾಣೆ

ಬುಧವಾರ ಬ್ಲಾಕ್ ದಿನ, ನರದ ಪಕ್ಕ ಔಷಧ ಚುಚ್ಚಿ ನೋವು ತಡೆಯುವ ದಿನ. ಘಟ್ಟದ ಕೆಳಗಿನ ಈ ಬೋಧನಾ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರುಗಳ ಸಾಲು ಮುಗಿಯುವಲ್ಲಿ ಒಂದು ಕೋಣೆಯಿದೆ. ಬಾಗಿಲ ಮೇಲೆ ‘ನೋವು ಚಿಕಿತ್ಸಾ ವಿಭಾಗ’ ಎಂಬ ಫಲಕ ಇದ್ದರೂ ಆಯಾ, ಲಿಫ್ಟಿನವನು, ರೋಗಿಗಳು ಎಲ್ಲರ ಬಾಯಲ್ಲೂ ಅದು ಬ್ಲಾಕ್ ರೂಮು. ಎಂಟು ಗಂಟೆಗೇ ಹೊರಗಿನ ಬೆಂಚುಗಳು ತುಂಬಿವೆ. ಮಂಡಿ ನೀವಿಕೊಳ್ಳುತ್ತ ಕುಳಿತ ನಿವೃತ್ತ ಮೇಷ್ಟ್ರು. ಸರ್ಪಸುತ್ತು ಮಾಗಿ ತಿಂಗಳುಗಳಾದರೂ ಉರಿ ಬಿಡದೆ, ಸೆರಗು ಪಕ್ಕೆಗೆ ತಾಗದಂತೆ ಎತ್ತಿ ಹಿಡಿದುಕೊಂಡೇ ಇರುವ ಅಜ್ಜಿ. ಬಿಲ್ ಕೌಂಟರಿಗೂ ಇಲ್ಲಿಗೂ ಓಡಾಡುತ್ತಿರುವ ಅವರ ಮಗ. ಇವರ ನಡುವೆ ಗಾಲಿಕುರ್ಚಿಯಲ್ಲಿ ಇಬ್ಬರು: ಒಬ್ಬರು ಐವತ್ತು ದಾಟಿದ ಅಡಿಕೆ ಕೊನೆಗಾರ, ಇನ್ನೊಬ್ಬ ಇಪ್ಪತ್ತೈದು ತುಂಬದ ಹುಡುಗ. ಇಬ್ಬರದೂ ಬೆನ್ನುಹುರಿಯ ಗಾಯ. ಕಾಲಿನ ಸ್ವಾಧೀನ ತಪ್ಪಿ ವರ್ಷಗಳಾಗಿವೆ. ಅದಕ್ಕೆ ಮದ್ದು ಕೇಳಲು ಅವರು ಬಂದಿಲ್ಲ. ಬಂದಿರುವುದು ನೋವಿಗೆ.

ಕೊನೆಗಾರರು ತೀರ್ಥಹಳ್ಳಿ ಕಡೆಯವರು. ಓಮ್ನಿಯ ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಸಿ, ಕತ್ತಲಿರುವಾಗಲೇ ಆಗುಂಬೆ ಘಾಟಿ ಇಳಿದು ಬಂದಿದ್ದಾರೆ. ಜೊತೆಗೆ ಹೆಂಡತಿ, ಓಮ್ನಿ ಓಡಿಸುವ ಭಾವಮೈದ. ಹದಿನೆಂಟರ ವಯಸ್ಸಿಗೆ ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಲು ಶುರು ಮಾಡಿದವರು. ನಲವತ್ತು ಐವತ್ತು ಅಡಿ ಮೇಲೆ, ಸೊಂಟಕ್ಕೊಂದು ಕೊನೆಗತ್ತಿ ಸಿಕ್ಕಿಸಿಕೊಂಡು, ಒಂದು ಮರವನ್ನು ಮೈಭಾರದಿಂದ ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತ, ನೆಲಕ್ಕಿಳಿಯದೆ ಒಂದು ಸಾಲು ಮುಗಿಸುವ ಕಸುಬು ಅದು. ಬಿದ್ದದ್ದು ಕೊನೆ ತೆಗೆಯುವಾಗ ಅಲ್ಲ, ಆಷಾಢದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವಾಗ. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ಬಿಡುವು ಕೊಟ್ಟ ಗಳಿಗೆಯಲ್ಲೇ ಹೊಡೆದು ಮುಗಿಸಬೇಕು. ಆ ಹೊತ್ತಿಗೆ ಮರಕ್ಕೆ ಹಾವಸೆ ಕಟ್ಟಿ ಕಾಲು ನಿಲ್ಲುವುದಿಲ್ಲ. ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿನಲ್ಲಿ ಕೂರಿಸಿದರು. ಬೆನ್ನು ಮುರಿದವರನ್ನು ಮಡಿಸಬಾರದು, ಹಲಗೆಯ ಮೇಲೆ ಅಲುಗಿಸದೆ ಮಲಗಿಸಿ ಒಯ್ಯಬೇಕು ಎಂಬುದು ತೋಟದಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ, ಮದ್ದೂ ಹೊಡೆಯುತ್ತಾರೆ. “ಅದು ಒಂಬತ್ತು ವರ್ಷ ತಡ ಆಗಿ ಬಂತು ನಮ್ಮೂರಿಗೆ,” ಎಂದು ಅವರು ಹೇಳುವಾಗ ಧ್ವನಿಯಲ್ಲಿ ಸಿಟ್ಟಿಲ್ಲ. ಬಸ್ಸು ತಪ್ಪಿದ್ದನ್ನು ಹೇಳುವ ಧಾಟಿ.

ಮುರಿದದ್ದು ಎದೆಗೂಡಿನ ಕೊನೆಯ, ಹನ್ನೆರಡನೆಯ ಕಶೇರು. ಬೆನ್ನುಮೂಳೆ ಮುಂದೆ ಸೊಂಟಕ್ಕೆ ಇಳಿದರೂ ಒಳಗಿನ ಹುರಿ ಅಲ್ಲಿಂದ ಒಂದೆರಡು ಮಣಿ ಕೆಳಗೆ ಮುಗಿದೇಹೋಗುತ್ತದೆ. ಕಾಲಿಗೆ, ಮೂತ್ರಕೋಶಕ್ಕೆ, ಮಲದ್ವಾರಕ್ಕೆ ಹೋಗಬೇಕಾದ ಎಲ್ಲವೂ ಆ ಕೊನೆಯ ಗೇಣಿನಲ್ಲಿ ಒತ್ತೊತ್ತಾಗಿ ತುಂಬಿಕೊಂಡಿರುವುದರಿಂದ ಅಲ್ಲಿ ಬಿದ್ದ ಪೆಟ್ಟು ಮೂರನ್ನೂ ಒಟ್ಟಿಗೆ ಕಿತ್ತುಕೊಳ್ಳುತ್ತದೆ.

ಒಳಗೆ ಕರೆದರು. ಅರಿವಳಿಕೆ ತಜ್ಞೆ ಡಾಕ್ಟರು ಸೂಜಿಯ ಮಾತು ಎತ್ತುವ ಮೊದಲು ಒಂದು ಹಾಳೆ ತೆಗೆದರು. ಮನುಷ್ಯನ ಮೈಯ ಎರಡು ಬರಿಯ ರೇಖಾಚಿತ್ರ, ಎದುರಿನಿಂದ ಒಂದು, ಬೆನ್ನಿನಿಂದ ಒಂದು. ಎಲ್ಲೆಲ್ಲಿ ನೋವು ಎಂದು ಪೆನ್ನಿನಲ್ಲಿ ಗೀಚಬೇಕು.

“ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗದಷ್ಟು. ನಿಮ್ಮ ಭುಜದ್ದು ಎಷ್ಟು ಹೇಳಿ?”

“ಹತ್ತು ಗಿತ್ತು ಗೊತ್ತಾಗಲ್ಲ ಡಾಕ್ಟ್ರಮ್ಮ. ರೂಪಾಯಿಗೆ ಹನ್ನೆರಡಾಣೆ ಅಂತ ಬರ್ಕೊಳಿ.”

ಪಕ್ಕದಲ್ಲಿ ನಿಂತಿದ್ದ ಪಿ.ಜಿ. ವಿದ್ಯಾರ್ಥಿ ತಬ್ಬಿಬ್ಬಾದ. ರೂಪಾಯಿಗೆ ಎಷ್ಟು ಆಣೆ ಎಂದು ಮೊಬೈಲಿನಲ್ಲಿ ಹುಡುಕಿ, ಭಾಗಿಸಿ, 7.5 ಎಂದು ಬರೆದುಕೊಂಡ. 1957ರಲ್ಲಿ ನಯಾಪೈಸೆ ಬಂದು ಆಣೆ ಹೋದಾಗ ಈ ಕೊನೆಗಾರರೂ ಹುಟ್ಟಿರಲಿಲ್ಲ. ಆದರೆ ಮಲೆನಾಡಿನ ಮಾತಿನಲ್ಲಿ ಆಣೆ ಇನ್ನೂ ಚಲಾವಣೆಯಲ್ಲಿದೆ, ಅದೂ ಇಂಥ ಅಳತೆಗೆ ಸಿಗದ ಸಂಗತಿಗಳಿಗೆ. ನನ್ನನ್ನು ಕೇಳಿದರೆ ಹತ್ತರ ಲೆಕ್ಕಕ್ಕಿಂತ ಇದೇ ವಾಸಿ. ನಾಲ್ಕಾಣೆ ಉಳಿದಿದೆ ಎಂಬುದು ಅದರಲ್ಲಿ ತಾನಾಗಿ ಕಾಣುತ್ತದೆ.

ಹಾಳೆಯ ಮೇಲೆ ಮೂರು ಕಡೆ ಗೀಚು ಬಿತ್ತು. ಬಲ ಭುಜ, ಹನ್ನೆರಡಾಣೆ. ಸೊಂಟದ ಸುತ್ತ ಒಂದು ಪಟ್ಟಿ, ಗಾಯವಾದ ಮಟ್ಟಕ್ಕೇ ಸರಿಯಾಗಿ, ಬಿಗಿದಂತೆ, ಅದು ಆರಾಣೆ. ಮಂಡಿಯಿಂದ ಕೆಳಗೆ ಎರಡೂ ಕಾಲು, ಹಗಲು ಎಂಟಾಣೆ, ರಾತ್ರಿ ಪೂರಾ ರೂಪಾಯಿ. ಕಾಲಿನ ವಿಷಯ ಬಂದಾಗ ಹೆಂಡತಿ ಮಾತು ತೆಗೆದುಕೊಂಡರು. “ಕಾಲಿಗೆ ಕಟ್ಟಿರುವೆ ಹತ್ತಿದ್ರೂ ಇವ್ರಿಗೆ ಗೊತ್ತಾಗಲ್ಲ. ಚಳಿಗೆ ಒಲೆ ಮುಂದೆ ಕೂತು ಹಿಮ್ಮಡಿ ಸುಟ್ಕೊಂಡಿದ್ರು, ವಾಸನೆ ಬಂದ್ಮೇಲೆ ನಾನೇ ನೋಡಿದ್ದು. ಅದೇ ಕಾಲು ರಾತ್ರಿ ಕೆಂಡದ ಮೇಲೆ ಇಟ್ಟಂಗೆ ಉರೀತದೆ ಅಂತಾರೆ. ನಮ್ಮತ್ತೆ ಅಂತೂ, ಸ್ವಾಧೀನ ಇಲ್ಲದ ಕಾಲಿಗೆ ಎಂಥ ನೋವು, ಮನಸ್ಸಿಂದ್ಲೇ ಬಂದಿದ್ದು ಅಂತ ಹೇಳಿಬಿಟ್ರು.”

ಡಾಕ್ಟರು ಪೆನ್ನು ಕೆಳಗಿಟ್ಟು, “ಅತ್ತೆಯವರಿಗೆ ನಾನು ಹೇಳಿದೆ ಅಂತ ಹೇಳಿ, ಆ ನೋವು ನಿಜ,” ಎಂದರು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಬಿಡದ ನೋವು ಇರುತ್ತದೆ. ಒಂದೇ ಬಗೆಯದಲ್ಲ. ಮೂಳೆ, ಕೀಲು, ಸ್ನಾಯುಗಳ ನೋವು ಬೇರೆ. ಗಾಯದ ಮಟ್ಟದಲ್ಲಿ, ಮುರಿದ ಜಾಗದ ನರದ ಬೇರುಗಳೂ ಅಲ್ಲಿಯ ಹುರಿಯೂ ಸೇರಿ ಹುಟ್ಟಿಸುವ ಬಿಗಿತ, ಸಿಡಿತ ಬೇರೆ. ಗಾಯಕ್ಕಿಂತ ಕೆಳಗೆ, ಸ್ಪರ್ಶವೇ ಇಲ್ಲದ ಜಾಗದ ಉರಿ ಇನ್ನೊಂದು. ಅದು ಎಷ್ಟೋ ಸಲ ಬಿದ್ದ ದಿನ ಇರುವುದಿಲ್ಲ, ತಿಂಗಳುಗಳ ಮೇಲೆ ತಲೆ ಎತ್ತುತ್ತದೆ. ಒಬ್ಬರ ಮೈಯಲ್ಲೇ ಮೂರೂ ಇದ್ದಾಗ ರೋಗಿ ಹೇಳುವುದು ‘ಮೈಯೆಲ್ಲಾ ನೋವು’ ಎಂದು. ಬ್ಲಾಕ್ ಹಾಕುವವರ ಮೊದಲ ಕೆಲಸ ಈ ‘ಮೈಯೆಲ್ಲಾ’ ಎಂಬುದನ್ನು ಬಿಡಿಸುವುದು. ಅಷ್ಟು ಮಾಡದೆ ಸೂಜಿ ಹಿಡಿದರೆ ಔಷಧವೂ ದಂಡ, ದುಡ್ಡೂ ದಂಡ.

ಭುಜದ ಕತೆ ನೇರವಾಗಿದೆ. ಕಾಲು ಕೈಕೊಟ್ಟ ಮೇಲೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಪಾಯಿಖಾನೆಗೆ, ಅಲ್ಲಿಂದ ಮತ್ತೆ ಕುರ್ಚಿಗೆ ಇಡೀ ಮೈಯನ್ನು ಎತ್ತಿ ದಾಟಿಸುವುದು ಎರಡು ತೋಳು. ಚಕ್ರ ತಳ್ಳುವುದೂ ಅವೇ. ಒತ್ತುಹುಣ್ಣು ಆಗದಿರಲು ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಕುರ್ಚಿಯ ಕೈ ಮೇಲೆ ಊರಿ ಪೃಷ್ಠ ಎತ್ತಬೇಕು ಎಂದು ಆಸ್ಪತ್ರೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಭುಜದ ಕೀಲಾದರೋ ಆಳವಿಲ್ಲದ ಕೀಲು. ಎತ್ತ ಬೇಕಾದರೂ ಚಾಚಲು, ತಿರುಗಲು ಹೇಳಿ ಮಾಡಿಸಿದ್ದು. ಮೈಭಾರ ಹೊರಲು ಅಲ್ಲ. ಸೊಂಟದ ಕೀಲಿನ ಚಾಕರಿಯನ್ನು ಒಂಬತ್ತು ವರ್ಷ ಭುಜದಿಂದ ಮಾಡಿಸಿದರೆ ಅದರ ಸ್ನಾಯುರಜ್ಜುಗಳು ಸವೆಯುತ್ತವೆ, ಊದಿಕೊಳ್ಳುತ್ತವೆ. ನಡೆಯುವವರು ಭುಜ ನೋವೆಂದರೆ ಆರು ವಾರ ಕೈಗೆ ರಜೆ ಕೊಡಬಹುದು. ಇವರು ರಜೆ ಕೊಟ್ಟರೆ ಹಾಸಿಗೆಯಲ್ಲೇ ಉಳಿಯಬೇಕು.

ಅದಕ್ಕೇ ಬ್ಲಾಕ್. ಕುರ್ಚಿಯಲ್ಲೇ ಕೂರಿಸಿ, ಎದುರಿಗೆ ದಿಂಬಿಟ್ಟ ಮೇಜಿಗೆ ಒರಗಿಸಿದರು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು, ಎಡ ತೋಳಿಗೆ ಬಿ.ಪಿ. ಪಟ್ಟಿ, ಕೈಗೊಂದು ಕ್ಯಾನುಲಾ. ಸಿಸ್ಟರ್ ಟ್ರಾಲಿಯ ಕೆಳಗಿನ ಅರೆಯಲ್ಲಿ ಹಾಲಿನ ಬಣ್ಣದ ಒಂದು ಬಾಟಲಿ ಇದೆಯೇ ಎಂದು ನೋಡಿ ‘ಇದೆ’ ಎಂದರು. ಅದು ಶೇ. 20ರ ಕೊಬ್ಬಿನ ದ್ರಾವಣ. ಮರಗಟ್ಟಿಸುವ ಔಷಧ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಮೊದಲು ನಾಲಿಗೆಗೆ ಲೋಹದ ರುಚಿ, ತುಟಿಯ ಸುತ್ತ ಜುಮ್ಮು, ಕಿವಿಯಲ್ಲಿ ಗುಯ್ಗುಡಿತ. ಮುಂದೆ ಫಿಟ್ಸ್ ಬರಬಹುದು, ಹೃದಯವೇ ನಿಲ್ಲಬಹುದು. ಆಗ ರಕ್ತಕ್ಕೆ ಹರಿಸುವ ಈ ಕೊಬ್ಬು ಔಷಧವನ್ನು ಹೀರಿಕೊಂಡು ಹೃದಯವನ್ನು ಬಿಡಿಸುತ್ತದೆ. ಬಳಸಬೇಕಾದ ಪ್ರಸಂಗ ಅಪರೂಪ. ಆದರೆ ಆ ಬಾಟಲಿ ಇಲ್ಲದ ಕಡೆ ಬ್ಲಾಕ್ ಹಾಕಿಸಿಕೊಳ್ಳಬೇಡಿ ಎಂದು ಡಾಕ್ಟರು ತಮ್ಮ ನೆಂಟರಿಷ್ಟರಿಗೆಲ್ಲ ಹೇಳುತ್ತಾರಂತೆ.

ಭುಜದ ಹಲಗೆಮೂಳೆಯ ಮೇಲೆ ಕಂದು ಬಣ್ಣದ ಅಯೋಡಿನ್ ಬಳಿದು, ತಣ್ಣನೆಯ ಜೆಲ್ ಹಚ್ಚಿ, ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರು. ಪರದೆಯ ಮೇಲೆ ಬೂದು ಬಣ್ಣದ ಪದರ ಪದರ. ಮೇಲೆ ಒಂದು ಸ್ನಾಯು, ಅದರಡಿ ಇನ್ನೊಂದು, ತಳದಲ್ಲಿ ಮೂಳೆಯ ಬಿಳಿ ಗೆರೆ. ಆ ಗೆರೆಗೆ ಒತ್ತಿಕೊಂಡು, ಒಂದು ಮಿಡಿಯುವ ಪುಟ್ಟ ರಕ್ತನಾಳದ ಪಕ್ಕ, ಸುಪ್ರಾಸ್ಕ್ಯಾಪುಲರ್ ನರ. ಕತ್ತಿನ ಐದು ಮತ್ತು ಆರನೆಯ ನರಬೇರುಗಳಿಂದ ಹೊರಟು, ಹಲಗೆಮೂಳೆಯ ಅಂಚಿನ ಸಣ್ಣ ಕಚ್ಚಿನಲ್ಲಿ ನುಸುಳಿ ಬರುವ ಈ ಒಂದೇ ನರ ಭುಜದ ಕೀಲಿನ ಸಂವೇದನೆಯ ಬಹುಪಾಲನ್ನು, ನೂರಕ್ಕೆ ಎಪ್ಪತ್ತರಷ್ಟನ್ನು, ಹೊತ್ತೊಯ್ಯುತ್ತದೆ. ಕತ್ತಿನ ಬುಡದಲ್ಲೇ ತಡೆದರೆ ಇಡೀ ಭುಜ ಒಂದೇ ಏಟಿಗೆ ಮರಗಟ್ಟುತ್ತದಲ್ಲ ಎಂದು ಪಿ.ಜಿ. ಹುಡುಗ ಕೇಳಿದ. ಅಲ್ಲಿ ಹಾಕಿದರೆ ಪಕ್ಕದಲ್ಲೇ ಹಾಯುವ, ವಪೆಯನ್ನು ಆಡಿಸುವ ನರವೂ ಮಲಗಿಬಿಡುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೂ ಆಗಲಿಕ್ಕಿಲ್ಲ. ಕತ್ತಿನ ಮಟ್ಟದಲ್ಲಿ ಹುರಿ ಗಾಯಗೊಂಡು ಎದೆಯ ಸ್ನಾಯುಗಳ ನೆರವಿಲ್ಲದೆ ವಪೆಯೊಂದರಿಂದಲೇ ಉಸಿರಾಡುವವರಿಗೆ ಅದು ಜೀವಕ್ಕೆ ಕುತ್ತು. “ಇವರಿಗೆ ಆ ಅಪಾಯ ಕಡಿಮೆ. ಆದರೆ ನಾಳೆ ನಿನ್ನ ಮುಂದೆ ಕೂರೋರು ಅಂಥವರಾಗಿರಬಹುದು. ಕೆಳಗೆ ಹಾಕೋದನ್ನೇ ಅಭ್ಯಾಸ ಮಾಡ್ಕೋ.”

ಚರ್ಮಕ್ಕೆ ಲಿಗ್ನೋಕೇನಿನ ಒಂದು ಸಣ್ಣ ಚುಚ್ಚು. ಆಮೇಲೆ ಉದ್ದನೆಯ ಸೂಜಿ ಪರದೆಯ ಮೇಲೆ ಓರೆಯಾದ ಬೆಳ್ಳಿ ಗೆರೆಯಾಗಿ ಇಳಿಯಿತು. ನರದ ಪಕ್ಕ ನಿಂತಿತು. ಎಳೆದು ನೋಡಿದರು, ರಕ್ತ ಬರಲಿಲ್ಲ. ಬುಪಿವಕೇನಿಗೆ ಸ್ವಲ್ಪ ಸ್ಟಿರಾಯ್ಡ್ ಬೆರೆಸಿದ ಹತ್ತು ಮಿಲಿ ಔಷಧ, ಸ್ವಲ್ಪ ಸ್ವಲ್ಪವಾಗಿ. ಬೂದು ಪದರಗಳ ನಡುವೆ ಕಪ್ಪು ಕಲೆಯೊಂದು ಹರಡುತ್ತ ಸ್ನಾಯುವನ್ನು ಮೂಳೆಯಿಂದ ಮೇಲಕ್ಕೆತ್ತಿತು. ಅಷ್ಟೇ. ಕಾಯುವುದು ಹದಿನೈದು ನಿಮಿಷ.

ಆ ಕಪ್ಪು ಕಲೆಯೊಳಗೆ ನಡೆಯುವುದು ಇದು: ನರದ ಎಳೆಯ ಗೋಡೆಯಲ್ಲಿ ಸೋಡಿಯಂ ಒಳನುಗ್ಗಲು ಕಂಡಿಗಳಿವೆ, ಗದ್ದೆಯ ಬದುವಿಗೆ ತೂಬು ಇದ್ದ ಹಾಗೆ. ಒಂದರ ನಂತರ ಒಂದು ತೂಬು ತೆರೆಯುತ್ತ ಹೋದರೆ ಸುದ್ದಿ ಮುಂದೆ ಸಾಗುತ್ತದೆ. ಬುಪಿವಕೇನ್ ಎಳೆಯ ಒಳಹೊಕ್ಕು, ಒಳಗಿನಿಂದಲೇ ತೂಬಿಗೆ ಬಿರಡೆ ಇಡುತ್ತದೆ. ಸುದ್ದಿ ಅಲ್ಲೇ ನಿಲ್ಲುತ್ತದೆ. ಕೆಲವು ಗಂಟೆಗಳ ನಂತರ ಬಿರಡೆ ಕಳಚಿಕೊಳ್ಳುತ್ತದೆ, ಆದರೂ ನೋವು ಮಾತ್ರ ವಾರಗಟ್ಟಲೆ ಇಳಿದೇ ಇರುವುದುಂಟು. ಸ್ಟಿರಾಯ್ಡ್ ಬಾವು ಇಳಿಸುತ್ತದೆ ಎಂಬುದು ಒಂದು ಕಾರಣ. ಸದಾ ಕಿರಿಚುತ್ತಿದ್ದ ನರ ಒಂದು ದಿನ ಸುಮ್ಮನಾದರೆ, ಅದನ್ನು ಕೇಳಿ ಕೇಳಿ ಕೆರಳಿದ್ದ ಹುರಿಯ ಕೋಶಗಳೂ ತಣ್ಣಗಾಗುತ್ತವೆ ಎಂಬುದು ವೈದ್ಯರು ಕೊಡುವ ಇನ್ನೊಂದು ಕಾರಣ.

ಈ ವಿದ್ಯೆಗೆ ನೂರನಲವತ್ತು ವರ್ಷದ ಇತಿಹಾಸವಿದೆ, ಅದರಲ್ಲಿ ತಮ್ಮ ಮೈಮೇಲೇ ಪ್ರಯೋಗ ಮಾಡಿಕೊಂಡವರೇ ಹೆಚ್ಚು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನಿನಿಂದ ಕಣ್ಣು ಮರಗಟ್ಟಿಸಿದ ಸುದ್ದಿ ನ್ಯೂಯಾರ್ಕಿಗೆ ಮುಟ್ಟಿದ್ದೇ ತಡ, ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಅದನ್ನು ನರದ ಬುಡಕ್ಕೇ ಚುಚ್ಚಿ ನೋಡಿದ. ನರ ಮಲಗಿತು, ಚುಚ್ಚಿಕೊಂಡು ಪರೀಕ್ಷಿಸಿದ ವೈದ್ಯ ಕೊಕೇನಿನ ದಾಸನಾದ. ಲಿಗ್ನೋಕೇನ್ 1943ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿತು. ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಪುಡಿಯನ್ನು ಅವನ ಶಿಷ್ಯ ಬೆಂಗ್ಟ್ ಲುಂಡ್‌ಕ್ವಿಸ್ಟ್ ತನಗೇ ಚುಚ್ಚಿಕೊಂಡು ನೋಡಿದ. ಇಂಥ ಕೋಣೆಗಳ ಮೂಲಪುರುಷ ಜಾನ್ ಬೊನಿಕಾ ಅಂತೂ ಇನ್ನೂ ವಿಚಿತ್ರ ಮನುಷ್ಯ. ಹಗಲು ವೈದ್ಯಕೀಯ ಓದು, ರಾತ್ರಿ ಮುಖವಾಡ ಹಾಕಿ ವೃತ್ತಿಪರ ಕುಸ್ತಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ನರ ಹರಿದ ಸೈನಿಕರಿಗೆ ಬ್ಲಾಕ್ ಹಾಕುತ್ತ ಹಾಕುತ್ತ, ಕೆಲವು ನೋವುಗಳ ಮುಂದೆ ಸೂಜಿ ಒಂದೇ ಸಾಲದು, ಬೇರೆ ಬೇರೆ ವಿಭಾಗದ ವೈದ್ಯರು ಒಂದೇ ಮೇಜಿಗೆ ಕೂತು ಮಾತಾಡಬೇಕು ಎಂದು ಮನಗಂಡವರು. 1953ರ ಅವರ ದೊಡ್ಡ ಗ್ರಂಥ ನೋವಿನ ವೈದ್ಯಕ್ಕೆ ಬುನಾದಿ ಹಾಕಿತು. ಕುಸ್ತಿ ಮೈಯಲ್ಲಿ ಬಿಟ್ಟುಹೋದ ನೋವು ಅವರಿಗೂ ಕೊನೆಯವರೆಗೆ ಇತ್ತು.

ಹದಿನೈದು ನಿಮಿಷಕ್ಕೆ ಕೊನೆಗಾರರು ಬಲಗೈಯನ್ನು ಮೆಲ್ಲಗೆ ಎದುರಿಗೆ ಎತ್ತಿದರು. ಇಷ್ಟು ದಿನ ಎದೆಮಟ್ಟಕ್ಕೆ ನಿಲ್ಲುತ್ತಿದ್ದ ಕೈ ಕಿವಿಯ ಹತ್ತಿರ ಬಂತು. “ಎರಡಾಣೆ,” ಎಂದರು. ಮತ್ತೆ ಯೋಚಿಸಿ, “ಎರಡೂ ಇಲ್ಲ.” ಹೆಂಡತಿ ನಕ್ಕರು. ಆದರೆ ಇದೇ ಹೊತ್ತಿಗೆ ಎಚ್ಚರಿಕೆಯೂ ಬಂತು. ಆ ನರ ನೋವಿನ ಸುದ್ದಿಯ ಜೊತೆಗೆ ಭುಜದ ಎರಡು ಸ್ನಾಯುಗಳಿಗೆ ಅಪ್ಪಣೆಯನ್ನೂ ಒಯ್ಯುತ್ತದೆ. ನೋವಿಲ್ಲ ಎಂದು ಅವರು ಎಂದಿನಂತೆ ಕೈ ಊರಿ ಮೈ ಎತ್ತಲು ಹೋದರೆ ತೋಳು ಕುಸಿಯಬಹುದು. ನಾಳೆ ಬೆಳಗಿನ ತನಕ ದಾಟಿಸುವ ಕೆಲಸವೆಲ್ಲ ಬೇರೆಯವರದು. ಕಾಲಿಲ್ಲದೆ ಕೈಯಿಂದಲೇ ಬದುಕುವವರಿಗೆ ಬ್ಲಾಕ್ ಎಂದರೆ ಒಂದು ದಿನ ಕೈಯನ್ನೂ ಅಡ ಇಡುವುದು. ನೋಡಿಕೊಳ್ಳುವವರು ಜೊತೆಗಿಲ್ಲದ ರೋಗಿಯನ್ನು ಇಲ್ಲಿ ಅದೇ ದಿನ ಮನೆಗೆ ಕಳಿಸುವುದಿಲ್ಲ.

ಅವರನ್ನು ಪಕ್ಕದ ಹಾಸಿಗೆಗೆ ಸರಿಸಿ ಹುಡುಗನನ್ನು ಕರೆದರು.

ಹುಡುಗ ಕುಂದಾಪುರದ ಕಡೆಯವನು, ಹೆದ್ದಾರಿಯಲ್ಲಿ ಬೈಕು ಬಿದ್ದದ್ದು. ಎದೆಯ ಐದನೆಯ ಕಶೇರು. ಅಲ್ಲಿಂದ ಕೆಳಗೆ ಏನೂ ತಿಳಿಯುವುದಿಲ್ಲ. ತಿಳಿಯುವುದಕ್ಕೂ ತಿಳಿಯದಿರುವುದಕ್ಕೂ ನಡುವಿನ ಗಡಿಯಲ್ಲಿ, ಮೊಲೆತೊಟ್ಟಿನ ಕೆಳಗೆ, ನಾಲ್ಕು ಬೆರಳ ಅಗಲದ ಪಟ್ಟಿಯೊಂದಿದೆ. “ಎದಿ ಸುತ್ತ ಹಗ್ಗ ಬಿಗ್ದಾಂಗ್ ಆತ್ತ್. ಅಂಗಿ ತಾಗ್ರೂ ಉರಿತ್ತ್,” ಎನ್ನುತ್ತಾನೆ. ಅದಕ್ಕೆ ಬೆನ್ನಿನ ಉದ್ದ ಸ್ನಾಯುವಿನ ಅಡಿಯಲ್ಲಿ, ಕಶೇರುವಿನ ಪಕ್ಕದ ಚಾಚಿನ ಮೇಲೆ ಔಷಧ ಬಿಡುವ ಬ್ಲಾಕ್. 2016ರಲ್ಲಿ ಮೊದಲು ವರದಿಯಾದ ವಿಧಾನ ಇದು. ಸ್ನಾಯುವಿನಡಿ ಬಿಟ್ಟ ಔಷಧ ಮೇಲೆ ಕೆಳಗೆ ಹಲವು ಪಕ್ಕೆಲುಬುಗಳ ಮಟ್ಟಕ್ಕೆ ಹರಡಿಕೊಳ್ಳುತ್ತದೆ. ಎದೆಗೂಡಿನ ಒಳಪೊರೆ ಸೂಜಿಯಿಂದ ದೂರ ಇರುವುದರಿಂದ ಶ್ವಾಸಕೋಶಕ್ಕೆ ಚುಚ್ಚಿಬಿಡುವ ಭಯ ಕಡಿಮೆ. ಹೊಸದು ಬಂದಾಗ ಎಲ್ಲ ನೋವಿಗೂ ಅದೇ ಸರಿ ಎಂಬ ಉಮೇದು ವೈದ್ಯರಿಗೂ ಹುಟ್ಟುತ್ತದೆ. ಇದಕ್ಕೂ ಆ ಸುಗ್ಗಿ ಬಂದು ಹೋಗಿದೆ.

ಸೂಜಿ ಇನ್ನೂ ಪ್ಯಾಕೆಟ್ಟಿನಲ್ಲೇ ಇತ್ತು. ಹುಡುಗನನ್ನು ಪಕ್ಕಕ್ಕೆ ಮಲಗಿಸಿ ಐದು ನಿಮಿಷ ಆಗಿರಬೇಕು, “ತಲಿ ಸಿಡಿತ್ತ್,” ಎಂದ. ಮುಖ ಕೆಂಪೇರಿ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಎದೆಯ ಕೆಳಗಿನ ಮೈ ಮಾತ್ರ ಒಣಗಿ ತಣ್ಣಗಿತ್ತು. ಯಂತ್ರ ಬಿ.ಪಿ. 190 ಎಂದು ತೋರಿಸಿ ಕೂಗಿಕೊಂಡಿತು. ಇವನ ಎಂದಿನ ಲೆಕ್ಕ 100ರ ಆಸುಪಾಸು. ಡಾಕ್ಟರು ಔಷಧದ ಕಪಾಟಿಗೆ ಕೈ ಹಾಕಲಿಲ್ಲ. “ಎಬ್ಬಿಸಿ ಕೂರಿಸಿ. ಟ್ಯೂಬ್ ನೋಡಿ.” ಇಬ್ಬರು ಸೇರಿ ಎತ್ತಿ ಕೂರಿಸಿ ಕಾಲನ್ನು ಇಳಿಬಿಟ್ಟರು. ಸಿಸ್ಟರ್ ಚಾದರ ಸರಿಸಿದರು. ಪಕ್ಕಕ್ಕೆ ಹೊರಳಿಸುವಾಗ ಮೂತ್ರದ ಟ್ಯೂಬು ತೊಡೆಯಡಿ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಚೀಲಕ್ಕೆ ಸರ್ರನೆ ಹರಿಯಿತು. 170, 150, 120. ಹುಡುಗನ ತಾಯಿ ಅಷ್ಟು ಹೊತ್ತಿಗೆ ಸೊಂಟದಿಂದ ಚೀಟಿಯೊಂದನ್ನು ತೆಗೆದು ಹಿಡಿದಿದ್ದರು. ಅದರಲ್ಲಿ ಇದನ್ನೇ ಬರೆದಿತ್ತು: ಕೂರಿಸಿ, ಬಟ್ಟೆ ಸಡಿಲಿಸಿ, ಟ್ಯೂಬ್ ನೋಡಿ, ಮಲಬದ್ಧತೆ ನೋಡಿ, ಹುಣ್ಣು ನೋಡಿ.

ಎದೆಯ ಆರನೆಯ ಮಟ್ಟ ಅಥವಾ ಅದಕ್ಕಿಂತ ಮೇಲೆ ಹುರಿ ಗಾಯಗೊಂಡವರಿಗೆ ಬರುವ ಗಂಡಾಂತರ ಇದು. ತುಂಬಿದ ಮೂತ್ರಕೋಶದ ಕಿರಿಕಿರಿ ಮೆದುಳಿಗೆ ಮುಟ್ಟುವುದಿಲ್ಲ. ಆದರೆ ಗಾಯದ ಕೆಳಗಿನ ಹುರಿ ಸುಮ್ಮನಿರದೆ ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ, ‘ಸಾಕು’ ಎನ್ನುವ ಮೆದುಳಿನ ಆಜ್ಞೆ ಅಲ್ಲಿಗೆ ಇಳಿಯುವುದಿಲ್ಲ. ಬಿಟ್ಟರೆ ಮೆದುಳಿನ ರಕ್ತಸ್ರಾವದವರೆಗೂ ಹೋಗಬಹುದು. ಇಂಥವರ ಬ್ಲಾಕ್ ಎಂದರೆ ಸೂಜಿಯ ಕೈಚಳಕಕ್ಕಿಂತ ಟ್ಯೂಬಿನ ಮೇಲಿನ ಕಣ್ಣು ಮುಖ್ಯ. ಆ ತಾಯಿ ಚೀಟಿಯನ್ನು ಪಂಚಾಯಿತಿ ಆಸ್ಪತ್ರೆಯ ಡಾಕ್ಟರಿಗೂ ಒಮ್ಮೆ ತೋರಿಸಿದ್ದರಂತೆ, ಅವರು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡರಂತೆ.

ಅರ್ಧ ಗಂಟೆಯ ನಂತರ ಹುಡುಗನನ್ನು ಕೂರಿಸಿಯೇ ಬ್ಲಾಕ್ ಹಾಕಿದರು. ಹಗ್ಗ ಸಡಿಲಾಯಿತು, ಬಿಚ್ಚಲಿಲ್ಲ. ಹೋದ ಸಲವೂ ಹೀಗೇ. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಮರಳಿತು. ಆ ಹತ್ತು ದಿನದಲ್ಲಿ ಅವನು ಬನಿಯನ್ ಹಾಕಿಕೊಂಡು ಊರ ಮೇಳದ ಆಟಕ್ಕೆ ಹೋಗಿ ಬಂದನಂತೆ. ವೈದ್ಯರ ಲೆಕ್ಕದಲ್ಲಿ ಇದು ‘ಭಾಗಶಃ ಪರಿಣಾಮ’. ಸಡಿಲಾದಷ್ಟು ಭಾಗ ನರದ ಬೇರಿನದು, ಉಳಿದದ್ದು ಹುರಿಯದೇ ಎಂದು ಹಾಳೆಯ ಮೇಲೆ ಗುರುತು ಹಾಕಿಕೊಂಡರು. ಮುಂದಿನ ಔಷಧವನ್ನು ಆರಿಸುವುದು ಈ ಗುರುತಿನ ಮೇಲೆ.

ಇಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಕರೆ. “ಡಾಕ್ಟ್ರಮ್ಮ, ಭುಜಕ್ಕೆ ಹಾಕಿದಂಗೆ ಕಾಲಿಗೂ ಒಂದು ಹಾಕಿಬಿಡಿ. ಇನ್ನೊಂದ್ಸಲ ಘಾಟಿ ಇಳಿಯೋದು ತಪ್ತದೆ.”

ಹಾಕುವುದಿಲ್ಲ ಎಂದರು ಡಾಕ್ಟರು. ಈ ಕೋಣೆಯಲ್ಲಿ ನಡೆದ ಅತ್ಯಂತ ಕಷ್ಟದ ಕೆಲಸ ಬಹುಶಃ ಅದೇ. ಪೇಟೆಯಲ್ಲಿ ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ‘ಆಪರೇಷನ್ ಇಲ್ಲದೆ ನೋವು ಮಾಯ’ ಎಂಬ ಬೋರ್ಡುಗಳಿವೆ. ಸೂಜಿ ಕೇಳುವವರಿಗೆ ಸೂಜಿ ಕೊಡುವುದು ಸುಲಭ, ದುಡ್ಡೂ ಬರುತ್ತದೆ. ಅವರ ಕಾಲಿನ ನರಗಳನ್ನು ಎಲ್ಲಿ ಬೇಕಾದರೂ ತಡೆಯಬಹುದು. ಆದರೆ ಆ ನರಗಳಲ್ಲಿ ಮೇಲಕ್ಕೆ ಹೋಗುತ್ತಿರುವ ಸುದ್ದಿಯೇ ಇಲ್ಲ. ಸುದ್ದಿ ಹೋಗುತ್ತಿದ್ದರೆ ಹಿಮ್ಮಡಿ ಸುಡುವಾಗಲೇ ಹೋಗುತ್ತಿತ್ತು.

1978ರಲ್ಲಿ ಮಾಂಟ್ರಿಯಲ್‌ನ ರೊನಾಲ್ಡ್ ಮೆಲ್ಝಾಕ್ ಮತ್ತು ಸಿಯಾಟಲ್‌ನ ಜಾನ್ ಲೋಸರ್ ಇಂಥವರ ಬಗ್ಗೆಯೇ ಬರೆದರು. ನೋವು ತಾಳದ ಕೆಲವು ರೋಗಿಗಳಿಗೆ ಬಗೆಬಗೆಯ ಬ್ಲಾಕ್ ಹಾಕಿ ಸೋತ ಮೇಲೆ ಶಸ್ತ್ರವೈದ್ಯರು ಬೆನ್ನುಹುರಿಯ ಒಂದು ತುಂಡನ್ನೇ ಕತ್ತರಿಸಿ ತೆಗೆದಿದ್ದರು. ಕಾಲಿನಿಂದ ಮೆದುಳಿಗೆ ದಾರಿಯೇ ಇಲ್ಲ. ಆದರೂ ಕಾಲು ಉರಿಯುತ್ತಲೇ ಇತ್ತು. ಅಂದರೆ ಕೆಳಗಿನಿಂದ ಸುದ್ದಿ ನಿಂತುಹೋದ ಮೇಲೆ, ಗಾಯದ ಮೇಲಿನ ಹುರಿಯೂ ಮೆದುಳೂ ತಾವಾಗಿಯೇ ನೋವನ್ನು ಹೆಣೆಯುತ್ತವೆ. ಕೆಲವರಲ್ಲಿ ಸೊಂಟಕ್ಕೆ ಹಾಕುವ ಅರಿವಳಿಕೆಯಿಂದ ಕೆಳಗಿನ ಉರಿ ತಾಸೆರಡು ತಾಸು ತಗ್ಗುವುದೂ ಇದೆ. ಅಂಥವರ ಹುರಿಯಲ್ಲಿ ಇನ್ನೂ ಏನೋ ಎಳೆ ಉಳಿದಿದೆ ಎಂದು ಅರ್ಥ. ಕೊನೆಗಾರರಿಗೆ ಹಿಂದೊಮ್ಮೆ ಒತ್ತುಹುಣ್ಣಿನ ಆಪರೇಷನ್ನಿಗೆ ಅದೇ ಅರಿವಳಿಕೆ ಕೊಟ್ಟಿದ್ದರು. ಮೇಜಿನ ಮೇಲೆ ಮಲಗಿದ್ದಾಗಲೂ ಕಾಲು ಉರಿಯುತ್ತಿತ್ತು ಎಂದು ಅವರೇ ಹೇಳಿದ್ದು ಹಳೆಯ ಕೇಸ್‌ಶೀಟಿನಲ್ಲಿದೆ. ಉತ್ತರ ಆಗಲೇ ಸಿಕ್ಕಿಬಿಟ್ಟಿತ್ತು.

ನೋವು ಇಲ್ಲದಿದ್ದರೂ ಕಷ್ಟ ಎಂಬುದನ್ನು ವೆಲ್ಲೂರಿನಷ್ಟು ಚೆನ್ನಾಗಿ ತಿಳಿದ ಊರು ಇನ್ನೊಂದಿಲ್ಲ. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಬೆರಳು ಸವೆಯುವುದು ರೋಗದಿಂದಲ್ಲ, ನೋವು ತಿಳಿಯದೆ ಸುಟ್ಟುಕೊಂಡು, ಕೊಯ್ದುಕೊಂಡು ಎಂದು ತೋರಿಸಿಕೊಟ್ಟರು. ಅವರ ಬಳಗದಲ್ಲಿ ಆ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು ಡಾ. ಮೇರಿ ವರ್ಗೀಸ್. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿ ಗಾಯಗೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಕತ್ತರಿ ಹಿಡಿದವರು. 1966ರಲ್ಲಿ ಅಲ್ಲಿ ಶುರುವಾದ ಪುನಶ್ಚೇತನ ಸಂಸ್ಥೆ ಅವರ ಸಾಧನೆ. ಅರಿವು ಹೋಗಿ ನೋವೂ ಹೋದ ಕೈ, ಅರಿವು ಹೋದ ಮೇಲೂ ನೋವು ಕಾಡುವ ಕಾಲು: ಎರಡೂ ಬಗೆಯ ರೋಗಿಗಳಿಗೆ ಅಲ್ಲಿ ಜಾಗವಿತ್ತು. ವಿಚಿತ್ರವೆಂದರೆ ಕೊನೆಗಾರರಿಗೆ ಎರಡೂ ಒಂದೇ ಕಾಲಿನಲ್ಲಿವೆ.

ಕಾಲಿಗೆ ಬರೆದುಕೊಟ್ಟದ್ದು ಮಾತ್ರೆ. ಬೆನ್ನುಹುರಿ ಗಾಯದ ನರನೋವಿಗೆಂದೇ ಅಮೆರಿಕದ ಔಷಧ ಇಲಾಖೆ 2012ರಲ್ಲಿ ಒಪ್ಪಿದ ಪ್ರಿಗಾಬಲಿನ್, ರಾತ್ರಿಗೆ ಕಡಿಮೆ ಪ್ರಮಾಣದಿಂದ ಶುರು. ತಲೆ ತಿರುಗಬಹುದು, ಕಾಲು ಊದಬಹುದು. ಮೂತ್ರದ ಸೋಂಕು ಇದ್ದರೆ ಉರಿ ದುಪ್ಪಟ್ಟಾಗುತ್ತದೆ ಎಂದು ಅದರ ಪರೀಕ್ಷೆಯೂ. ಪೂರಾ ರೂಪಾಯಿ ಹನ್ನೊಂದಾಣೆಗೆ ಇಳಿದರೂ ಗೆದ್ದಂತೆ ಎಂದು ಡಾಕ್ಟರು ಅವರದೇ ನಾಣ್ಯದಲ್ಲಿ ಹೇಳಿದರು.

ಹೊರಡುವ ಮುಂಚೆ ಫಿಸಿಯೋಥೆರಪಿಸ್ಟ್ ಬಂದರು, ಮಂಗಳೂರಿನ ಚುರುಕು ಹೆಣ್ಣುಮಗಳು. ಭುಜ ಸುಮ್ಮನಿರುವ ಈ ನಾಲ್ಕಾರು ವಾರವೇ ತನ್ನ ಸರದಿ ಎಂದು ಆಕೆಗೆ ಗೊತ್ತು. ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ತೋರಿಸಿದರು. ಕೈ ಊರಿ ಏಳುವ ಬದಲು ಮುಂದಕ್ಕೆ ಬಾಗಿ ಭಾರ ಇಳಿಸಿ ಎಂದರು. ಆಮೇಲೆ ಚೀಟಿಯ ಹಿಂದೆ ಒಂದು ಹಲಗೆಯ ಚಿತ್ರ ಬರೆದರು: ಎರಡೂವರೆ ಅಡಿ ಉದ್ದ, ಒಂಬತ್ತು ಇಂಚು ಅಗಲ, ಅಂಚು ಉಜ್ಜಿ ಉರುಟು ಮಾಡಿದ್ದು. ಮಂಚಕ್ಕೂ ಕುರ್ಚಿಗೂ ಸೇತುವೆ ಇಟ್ಟು ಜಾರಿಕೊಳ್ಳಲು.

“ಹಲಸಿಂದು ಮಾಡಿಸ್ತೀನಿ,” ಎಂದರು ಕೊನೆಗಾರರು.

“ಬೇಡ ಮಾರಾಯ್ರೆ, ಭಾರ ಆಗ್ತದೆ. ಪ್ಲೈವುಡ್ ಸಾಕು.”

“ಪ್ಲೈವುಡ್ಡು ನಮ್ಮೂರ ಮಳೇಲಿ ಒಂದು ವರ್ಷ ಬಾಳ್ತದಾ?”

ಆ ಚರ್ಚೆ ಮುಗಿಯುವ ಮೊದಲೇ ಫಿಸಿಯೋ ಇನ್ನೊಂದು ಪ್ರಶ್ನೆ ಕೇಳಿದರು. ನಿಮ್ಮ ಮಂಚ ಎಷ್ಟು ಎತ್ತರ? ಯಾರಿಗೂ ಗೊತ್ತಿರಲಿಲ್ಲ. ಭಾವಮೈದ ಮನೆಗೆ ಫೋನು ಹಚ್ಚಿದ. ಪಕ್ಕದ ಮನೆಯ ಹುಡುಗ ಟೇಪು ಹುಡುಕಿ, ಹಾಸಿಗೆ ಸೇರಿಸಿಯೋ ಬಿಟ್ಟೋ ಎಂದು ಎರಡು ಸಲ ಕೇಳಿ, ಅಳೆದು ಹೇಳಿದ: ಹಾಸಿಗೆ ಸೇರಿ ಹದಿನಾರು ಇಂಚು. ಫಿಸಿಯೋ ಗಾಲಿಕುರ್ಚಿಯ ಸೀಟಿಗೆ ಟೇಪು ಹಿಡಿದರು. ಇಪ್ಪತ್ತು. ಪ್ರತಿ ಬೆಳಿಗ್ಗೆ, ಪ್ರತಿ ಮಧ್ಯಾಹ್ನದ ನಿದ್ದೆಯ ನಂತರ, ಆ ಬಲ ಭುಜ ಅರವತ್ತೈದು ಕಿಲೋ ಮೈಯನ್ನು ನಾಲ್ಕು ಇಂಚು ಏರಿಗೆ ಎತ್ತಿ ಹಾಕುತ್ತಿತ್ತು.

“ಅಯ್ಯೋ, ಅದು ನಮ್ಮ ಮದುವೆ ಮಂಚ,” ಎಂದರು ಹೆಂಡತಿ. “ಕಾಲು ಗೆದ್ದಲು ಹಿಡೀತು ಅಂತ ಇವ್ರೇ ಕೊಯ್ಸಿದ್ದು.”

ಕೇಸ್‌ಶೀಟಿನಲ್ಲಿ ಪ್ರಿಗಾಬಲಿನ್ ಕೆಳಗೆ ಫಿಸಿಯೋ ಬರೆದರು: ಮಂಚದ ನಾಲ್ಕು ಕಾಲಿಗೆ ನಾಲ್ಕು ಇಂಚಿನ ದಿಮ್ಮಿ, ಜಾರದಂತೆ ಕುಳಿ ತೋಡಿ ಕೂರಿಸುವುದು. ಭಾವಮೈದ ಫೋನು ಇಟ್ಟಿರಲಿಲ್ಲ. “ಏ ಮಾಣಿ, ಬಡಗಿಗೆ ಹೇಳು ಸಂಜೆ ಮನೆ ಹತ್ರ ಇರ್ಲಿ ಅಂತ,” ಎಂದು ಕೂಗುತ್ತಿದ್ದ. ಕೊನೆಗಾರರು ಎಡಗೈ ಚಾಚಿ ಫೋನು ಕಸಿದುಕೊಂಡು ಸೇರಿಸಿದರು, “ದಿಮ್ಮಿಗೆ ಹಲಸಿಂದೇ ಆಗ್ಲಿ. ಅದನ್ನ ಯಾರೂ ಹೊರೋದಿಲ್ವಲ್ಲ.”